ಬಯಾಪ್ಸಿ ರಿಪೋರ್ಟ್ ಕೈಗೆ ಬಂದ ಮೇಲೆ: ಚರ್ಮದ ಕ್ಯಾನ್ಸರ್ ಚಿಕಿತ್ಸೆಗೆ ಮುಂಚಿನ ವಾರಗಳು

ಚರ್ಮದ ಬಯಾಪ್ಸಿ ರಿಪೋರ್ಟಿನ ಕೊನೆಯ ಸಾಲಿನಲ್ಲಿ 'ಕಾರ್ಸಿನೋಮ' ಅಥವಾ 'ಮೆಲನೋಮ' ಎಂದಿದ್ದರೆ ಮನೆಯಲ್ಲಿ ಎಲ್ಲರೂ ಮೊದಲು ಕೇಳುವುದು 'ಎಷ್ಟನೇ ಸ್ಟೇಜು?' ಎಂದು. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರಿವೆ. ಯಾವ ಬಗೆಯದು? ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ? ದೇಹದ ಯಾವ ಜಾಗದಲ್ಲಿದೆ? ಮುಂದಿರುವುದು ಬೆಳಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವ ಸಣ್ಣ ಸರ್ಜರಿಯೋ, ವರ್ಷ ಪೂರ್ತಿ ಡ್ರಿಪ್ ಹಾಕಿಸಿಕೊಳ್ಳುವ ಚಿಕಿತ್ಸೆಯೋ ಎಂಬುದು ಬಹುಮಟ್ಟಿಗೆ ಈ ಮೂರು ಉತ್ತರಗಳಲ್ಲೇ ಇರುತ್ತದೆ.

ಬೇಸಲ್ ಸೆಲ್ ಕಾರ್ಸಿನೋಮ, ಅಂದರೆ ಬಿಸಿಸಿ, ಸಾಮಾನ್ಯವಾಗಿ ಮುಖದ ಮೇಲೆ ಬರುತ್ತದೆ: ಮೂಗಿನ ಪಕ್ಕ, ಕಣ್ಣಿನ ಒಳಮೂಲೆ, ಕೆಳರೆಪ್ಪೆ. ಬಿಳಿ ಚರ್ಮದವರಲ್ಲಿ ಇದು ಮುತ್ತಿನ ಹೊಳಪಿನ ಗುಲಾಬಿ ಗುಳ್ಳೆ. ನಮ್ಮಂಥ ಕಂದು ಚರ್ಮದಲ್ಲಿ ಅನೇಕ ಸಲ ಕಪ್ಪಗಿರುವುದರಿಂದ ಮಚ್ಚೆ ಎಂದುಕೊಂಡು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಮುಖ ಒರೆಸಿಕೊಂಡಾಗ ಟವೆಲ್ಲಿಗೆ ರಕ್ತ ಅಂಟುವುದು, ಹಕ್ಕಳೆ ಕಟ್ಟಿ ಉದುರಿ ಮತ್ತೆ ಕಟ್ಟುವುದು ಇದರ ಲಕ್ಷಣ. ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಆದರೆ ಇದ್ದಲ್ಲೇ ಆಳಕ್ಕೆ ಕೊರೆಯುತ್ತದೆ, ಬಿಟ್ಟರೆ ಮೂಗಿನ ಮೃದು ಎಲುಬನ್ನೂ ಕಣ್ಣಿನ ಗುಳಿಯನ್ನೂ ತಿನ್ನುತ್ತದೆ. ನಾಳೆಯೇ ಆಪರೇಷನ್ ಆಗಬೇಕೆಂಬ ಧಾವಂತ ಬೇಡ. ಸರಿಯಾದ ಕೈ ಹುಡುಕಲು ಕೆಲವು ವಾರಗಳ ಬಿಡುವಿದೆ. ಮದುವೆ ಸೀಸನ್ ಮುಗಿಯಲಿ, ಆಮೇಲೆ ಮಳೆಗಾಲ ಮುಗಿಯಲಿ ಎಂದು ವರ್ಷ ತಳ್ಳುವಷ್ಟು ಬಿಡುವಿಲ್ಲ.

ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಅಂದರೆ ಎಸ್‌ಸಿಸಿ, ಇನ್ನಷ್ಟು ಬಿರುಸಿನದು. ನಮ್ಮ ಕಡೆ ಇದಕ್ಕೆ ಬಿಸಿಲೊಂದೇ ಕಾರಣವಲ್ಲ. ಹತ್ತಿಪ್ಪತ್ತು ವರ್ಷಗಳ ಹಿಂದಿನ ಸುಟ್ಟ ಗಾಯದ ಕಲೆ, ವಾಸಿಯಾಗದೇ ಉಳಿದ ಕಾಲಿನ ಹುಣ್ಣು, ಸೊಂಟದಲ್ಲಿ ಲಂಗದ ಲಾಡಿ ಅಥವಾ ಪಂಚೆ ಬಿಗಿದು ಬಿಗಿದು ಒರಟಾದ ಜಾಗ, ಇಲ್ಲೆಲ್ಲ ಇದು ಹುಟ್ಟುತ್ತದೆ. ಹಳೆ ಕಲೆಯಲ್ಲಿ ಹೊಸದಾಗಿ ಹೂಕೋಸಿನಂಥ ಮಾಂಸ ಬೆಳೆದು ವಾಸನೆ ಬರತೊಡಗಿದರೆ ಡ್ರೆಸ್ಸಿಂಗ್ ಬದಲಿಸುತ್ತ ಕೂರಬಾರದು, ಅಂಚಿನಿಂದ ಬಯಾಪ್ಸಿ ಆಗಬೇಕು. ಎಸ್‌ಸಿಸಿ ರಿಪೋರ್ಟಿನಲ್ಲಿ ನೋಡಬೇಕಾದ ಅಂಶಗಳು ಇವು: ಗಾತ್ರ 2 ಸೆಂ.ಮೀ. ಮೀರಿದೆಯೇ, ಆಳ 6 ಮಿ.ಮೀ. ದಾಟಿದೆಯೇ ಅಥವಾ ಕೊಬ್ಬಿನ ಪದರದಿಂದಾಚೆ ಹೋಗಿದೆಯೇ, 'ಪೆರಿನ್ಯೂರಲ್ ಇನ್‌ವೇಷನ್' (ನರದ ಗುಂಟ ಹಬ್ಬುವುದು) ಇದೆಯೇ, 'ಪೂರ್ಲಿ ಡಿಫರೆನ್ಷಿಯೇಟೆಡ್' (ಜೀವಕೋಶಗಳು ಸಹಜ ರೂಪ ಕಳೆದುಕೊಂಡಿರುವುದು) ಎಂದಿದೆಯೇ. ತುಟಿ ಮತ್ತು ಕಿವಿಯ ಎಸ್‌ಸಿಸಿ, ಕಿಡ್ನಿ ಕಸಿ ಮಾಡಿಸಿಕೊಂಡವರ ಎಸ್‌ಸಿಸಿ ಬೇರೆಯವಕ್ಕಿಂತ ಹೆಚ್ಚು ಅಪಾಯದವು. ಈ ಯಾವುದಾದರೂ ಇದ್ದರೆ ಹತ್ತಿರದ ಲಿಂಫ್ ಗ್ರಂಥಿಗಳನ್ನು ಕೈಯಿಂದ ಮುಟ್ಟಿ ನೋಡಬೇಕು, ಅಲ್ಟ್ರಾಸೌಂಡ್ ಮಾಡಬೇಕು, ಗ್ರಂಥಿ ಊದಿದ್ದರೆ ಸೂಜಿ ಹಾಕಿ ಪರೀಕ್ಷಿಸಬೇಕು.

ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಕ್ಯಾನ್ಸರ್, ಭಾರತೀಯರಲ್ಲಿ ಕಡಿಮೆ. ಬಂದಾಗ ಮಾತ್ರ ಯಾರೂ ನೋಡದ ಕಡೆ ಬರುತ್ತದೆ: ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಬುಡ. ಆದ್ದರಿಂದಲೇ ಅದನ್ನು ಕಾಲಿನ ಆಣಿ ಎಂದು ಕೆತ್ತಿಸಿಕೊಂಡವರಿದ್ದಾರೆ, ಉಗುರುಸುತ್ತು ಎಂದು ನಿಂಬೆಹಣ್ಣು ಸಿಕ್ಕಿಸಿಕೊಂಡವರಿದ್ದಾರೆ. ಉಗುರಿನ ಕಪ್ಪು ಗೆರೆ ಅಗಲವಾಗುತ್ತ ಉಗುರಿನ ಬುಡದ ಚರ್ಮಕ್ಕೂ ಹರಡಿದರೆ ಅನುಮಾನ ಗಟ್ಟಿ. 1981ರಲ್ಲಿ ತೀರಿಕೊಂಡ ಗಾಯಕ ಬಾಬ್ ಮಾರ್ಲಿಗೆ ಇದ್ದದ್ದು ಕಾಲ್ಬೆರಳಿನ ಈ ಬಗೆಯ ಮೆಲನೋಮವೇ. ಅಂಗಾಲಿನ ಮೆಲನೋಮಕ್ಕೂ ಬಿಸಿಲಿಗೂ ಸಂಬಂಧ ಕಡಿಮೆ. 'ಸನ್‌ಸ್ಕ್ರೀನ್ ಹಚ್ಚಿಕೊಂಡಿದ್ದರೆ ಬರುತ್ತಿರಲಿಲ್ಲ' ಎಂದು ರೋಗಿಗೆ ಹೇಳುವವರು ಸುಮ್ಮನಿರುವುದು ಮೇಲು.

ಮೆಲನೋಮ ರಿಪೋರ್ಟಿನಲ್ಲಿ ಎಲ್ಲಕ್ಕಿಂತ ಮುಖ್ಯ ಸಂಖ್ಯೆ 'ಬ್ರೆಸ್ಲೋ ಥಿಕ್‌ನೆಸ್', ಗೆಡ್ಡೆಯ ದಪ್ಪ, ಮಿಲಿಮೀಟರಿನಲ್ಲಿ. ದಪ್ಪಕ್ಕೆ ತಕ್ಕಂತೆ 'ಟಿ' ಎಂಬ ದರ್ಜೆ ಕೊಡುತ್ತಾರೆ: 1 ಮಿ.ಮೀ. ಒಳಗಿದ್ದರೆ ಟಿ1, 2ರವರೆಗೆ ಟಿ2, 4ರವರೆಗೆ ಟಿ3, ಅದರಾಚೆ ಟಿ4. ಪಕ್ಕದಲ್ಲಿ 'ಅಲ್ಸರೇಷನ್' (ಗೆಡ್ಡೆಯ ಮೇಲಿನ ಚರ್ಮ ಒಡೆದು ಹುಣ್ಣಾಗಿರುವುದು) ಇದೆಯೋ ಇಲ್ಲವೋ ಎಂದಿರುತ್ತದೆ. ಇದ್ದರೆ ಅದೇ ದಪ್ಪಕ್ಕೂ ಅಪಾಯ ಹೆಚ್ಚು. ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ. ದೊಡ್ಡ ಕಪ್ಪು ಮಚ್ಚೆಯ ಒಂದು ಮೂಲೆಯಿಂದ 3 ಮಿ.ಮೀ. ಪಂಚ್ ಬಯಾಪ್ಸಿ (ಕೊಳವೆಯಂಥ ಬ್ಲೇಡಿನಿಂದ ಕೊರೆದ ಸಣ್ಣ ತುಂಡು) ತೆಗೆದು, ಅಲ್ಲಿ ಸಿಕ್ಕ ದಪ್ಪವನ್ನೇ ಅಂತಿಮ ಎಂದುಕೊಳ್ಳುತ್ತಾರೆ. ಗೆಡ್ಡೆ ಇನ್ನೊಂದು ಕಡೆ ಹೆಚ್ಚು ಆಳವಿರಬಹುದು. ಸಾಧ್ಯವಾದ ಕಡೆ ಸುತ್ತ 1ರಿಂದ 2 ಮಿ.ಮೀ. ಬಿಟ್ಟು ಮಚ್ಚೆಯನ್ನು ಇಡಿಯಾಗಿ ತೆಗೆದು ಪರೀಕ್ಷಿಸುವುದು ಕ್ರಮ. ಅಂಗಾಲಿನಂಥ ಜಾಗದಲ್ಲಿ ಅದು ಆಗದೇ ಪಂಚ್ ತೆಗೆದಿದ್ದರೆ, ಪೂರ್ತಿ ಗೆಡ್ಡೆ ತೆಗೆದ ಮೇಲೆ ಆಳ ಬದಲಾಗಬಹುದು ಎಂಬ ಲೆಕ್ಕದಲ್ಲೇ ಮುಂದಿನ ಯೋಜನೆ ಮಾಡಬೇಕು.

ಎರಡನೇ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟಿನ ಜೆರಾಕ್ಸ್ ಮಾತ್ರ ಹಿಡಿದು ಹೋದರೆ ಬರಿಗೈಯಲ್ಲಿ ಹೋದಂತೆಯೇ. ದೊಡ್ಡ ಆಸ್ಪತ್ರೆಯ ಪೆಥಾಲಜಿಸ್ಟ್ ಕೇಳುವುದು ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ. ಬಯಾಪ್ಸಿ ಮಾಡಿದ ಲ್ಯಾಬಿಗೆ ಪತ್ರ ಕೊಟ್ಟರೆ ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಬ್ಲಾಕಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಬ್ಲಾಕ್ ಎಂದರೆ ಮೇಣ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ. ಅದರಲ್ಲಿರುವುದು ನಿಮ್ಮ ಅಂಗಾಂಶದ ಉಳಿದಿರುವ ಒಂದೇ ತುಣುಕು. ಮುಂದೆ ಎಸ್-100, ಮೆಲನ್-ಎ, ಎಚ್‌ಎಂಬಿ-45ರಂಥ ವಿಶೇಷ ಬಣ್ಣದ ಪರೀಕ್ಷೆಗೂ, ಬಿಆರ್‌ಎಎಫ್ ಜೀನ್ ಪರೀಕ್ಷೆಗೂ ಅದೇ ಬೇಕು.

ಇನ್ನೊಂದು ಚಿಕ್ಕ ಕೆಲಸ ಇವತ್ತೇ ಮಾಡಿ: ಬಯಾಪ್ಸಿ ತೆಗೆದ ಜಾಗದ ಫೋಟೋ. ಸಣ್ಣ ಗಾಯ ಮೂರ್ನಾಲ್ಕು ವಾರದಲ್ಲಿ ಮಾಯುತ್ತದೆ. ಸರ್ಜರಿಯ ದಿನ ಕೆನ್ನೆಯ ಮೇಲೆ ಎರಡು ಮೂರು ಕಲೆಗಳಿದ್ದರೆ ಯಾವುದೆಂದು ರೋಗಿಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಒಂದು ಫೋಟೋ ಹತ್ತಿರದಿಂದ ಸ್ಕೇಲ್ ಇಟ್ಟು, ಇನ್ನೊಂದು ದೂರದಿಂದ ಕಿವಿ, ಮೂಗು, ಕಣ್ಣು ಕಾಣುವಂತೆ. ಆಸ್ಪತ್ರೆಗೆ ಹೋಗುವ ಮುಂಚೆ ಆ ಜಾಗಕ್ಕೆ ಅರಿಶಿನ ಹಚ್ಚಬೇಡಿ. ಅಂಗೈ ಅಂಗಾಲಿನ ಗೆಡ್ಡೆಯಾಗಿದ್ದರೆ ಮದರಂಗಿ ಬೇಡ, ಉಗುರಿನದಾಗಿದ್ದರೆ ನೇಲ್ ಪಾಲಿಶ್ ಬೇಡ. ಬಣ್ಣದ ಅಂಚು ಎಲ್ಲಿ ಮುಗಿಯುತ್ತದೆ ಎಂದು ನೋಡುವುದೇ ಸರ್ಜನ್ನರ ಮೊದಲ ಕೆಲಸ.

ಈಗ ಸರ್ಜರಿ. 'ಕಡಲೆಕಾಳಿನಷ್ಟು ಗಂಟು, ಇಷ್ಟುದ್ದ ಹೊಲಿಗೆಯೇ?' ಎಂಬ ಗಾಬರಿ ಎಲ್ಲರಿಗೂ ಆಗುತ್ತದೆ. ಲೆಕ್ಕ ಹೀಗಿದೆ. ಕಡಿಮೆ ಅಪಾಯದ ಬಿಸಿಸಿಗೆ ಸುತ್ತಲೂ ಸುಮಾರು 4 ಮಿ.ಮೀ. ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯುತ್ತಾರೆ. ಎಸ್‌ಸಿಸಿಗೆ 4ರಿಂದ 6, ಅಪಾಯದ್ದಾದರೆ ಇನ್ನೂ ಹೆಚ್ಚು. 1 ಸೆಂ.ಮೀ. ಗಂಟಿಗೆ ಎರಡೂ ಬದಿ 4 ಮಿ.ಮೀ. ಸೇರಿದರೆ 1.8 ಸೆಂ.ಮೀ. ಅಗಲದ ಗುಂಡಿ. ಗುಂಡನೆಯ ಗುಂಡಿಯನ್ನು ನೇರ ಹೊಲಿದರೆ ಎರಡು ತುದಿಯಲ್ಲಿ ಚರ್ಮ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಅಗಲದ ಮೂರರಷ್ಟು ಉದ್ದಕ್ಕೆ ಎಲೆಯಾಕಾರದಲ್ಲಿ ಕತ್ತರಿಸುತ್ತಾರೆ. ಅಲ್ಲಿಗೆ ಕಲೆ 5 ಸೆಂ.ಮೀ. ದಾಟಿತು. ಮೆಲನೋಮದಲ್ಲಿ ಈ ಅಂಚು ದಪ್ಪವನ್ನು ಅವಲಂಬಿಸಿದೆ: ಮೇಲ್ಪದರದಲ್ಲೇ ಇದ್ದರೆ ಅರ್ಧದಿಂದ 1 ಸೆಂ.ಮೀ., 1 ಮಿ.ಮೀ.ವರೆಗಿನದಕ್ಕೆ 1 ಸೆಂ.ಮೀ., 1ರಿಂದ 2 ಮಿ.ಮೀ. ಇದ್ದರೆ 1ರಿಂದ 2 ಸೆಂ.ಮೀ., ಅದಕ್ಕೂ ದಪ್ಪವಾದರೆ 2 ಸೆಂ.ಮೀ.

ಸರ್ಜನ್ನರನ್ನು ಒಂದೇ ಪ್ರಶ್ನೆ ಕೇಳಲು ಅವಕಾಶವಿದ್ದರೆ ನಾನು ಆರಿಸುವುದು ಇದನ್ನು: 'ಅಂಚಿನ ರಿಪೋರ್ಟ್ ಬರುವ ಮುಂಚೆಯೇ ಫ್ಲಾಪ್ ಮಾಡಿ ಮುಚ್ಚುತ್ತೀರಾ?' ಫ್ಲಾಪ್ ಎಂದರೆ ಪಕ್ಕದ ಚರ್ಮವನ್ನೇ ತಿರುಗಿಸಿ ಗಾಯ ಮುಚ್ಚುವುದು. ತೆಗೆದ ತುಂಡನ್ನು ಲ್ಯಾಬಿನಲ್ಲಿ ಬ್ರೆಡ್ಡಿನಂತೆ ಹೋಳು ಮಾಡಿ ಕೆಲವು ಹೋಳುಗಳ ಅಂಚನ್ನಷ್ಟೇ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒಟ್ಟು ಅಂಚಿನಲ್ಲಿ ಕಣ್ಣಿಗೆ ಬೀಳುವುದು ಅತ್ಯಲ್ಪ ಭಾಗ. ಎದೆ, ಬೆನ್ನಿನ ಸರಳ ಬಿಸಿಸಿಗೆ ಅಷ್ಟು ಸಾಕು. ಮೂಗು, ರೆಪ್ಪೆ, ಕಿವಿಯ ಗೆಡ್ಡೆಗೆ, ರಿಪೋರ್ಟಿನಲ್ಲಿ 'ಇನ್‌ಫಿಲ್ಟ್ರೇಟಿವ್', 'ಮಾರ್ಫಿಯಫಾರ್ಮ್', 'ಮೈಕ್ರೋನಾಡ್ಯುಲರ್' (ಅಂಚು ಕಣ್ಣಿಗೆ ಸ್ಪಷ್ಟವಾಗಿ ಕಾಣದಂತೆ ಹಬ್ಬುವ ಬಗೆಗಳು) ಎಂದಿರುವುದಕ್ಕೆ, ಒಮ್ಮೆ ತೆಗೆದು ಮತ್ತೆ ಬಂದಿರುವುದಕ್ಕೆ ಸಾಲದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಮೋಸ್ 1930ರ ದಶಕದಲ್ಲಿ ಆರಂಭಿಸಿದ ವಿಧಾನದಲ್ಲಿ ಪದರ ಪದರವಾಗಿ ತೆಗೆದು, ಪ್ರತಿ ಪದರದ ಇಡೀ ಅಂಚನ್ನೂ ತಳವನ್ನೂ ಆಗಲೇ ಪರೀಕ್ಷಿಸಿ, ಕ್ಯಾನ್ಸರ್ ಉಳಿದಿರುವ ಕಡೆಯಿಂದ ಮಾತ್ರ ಇನ್ನಷ್ಟು ತೆಗೆಯುತ್ತಾರೆ. ಮೋಸ್ ಸರ್ಜರಿ ನಮ್ಮ ದೇಶದಲ್ಲಿ ಕೆಲವೇ ಕಡೆ ಇದೆ. ಸಿಗದಿದ್ದರೆ ಎರಡು ಹಂತದ ಸರ್ಜರಿ ಮಾಡಿಸಬಹುದು: ಮೊದಲು ಗೆಡ್ಡೆ ತೆಗೆದು ಗಾಯವನ್ನು ಡ್ರೆಸ್ಸಿಂಗಿನಲ್ಲಿಟ್ಟು, ರಿಪೋರ್ಟ್ ಬಂದು ಅಂಚು ಶುದ್ಧ ಎಂದು ಖಚಿತವಾದ ಮೇಲೆ ಫ್ಲಾಪ್ ಅಥವಾ ಗ್ರಾಫ್ಟ್ (ಮೈಯ ಬೇರೆ ಕಡೆಯಿಂದ ತೆಗೆದ ಚರ್ಮ ಹಾಕುವುದು). ತೆರೆದ ಗಾಯದೊಂದಿಗೆ ಒಂದು ವಾರ ಕಳೆಯುವುದು ಕಿರಿಕಿರಿ, ನಿಜ. ಆದರೆ ಪಕ್ಕದ ಚರ್ಮವನ್ನು ತಿರುಗಿಸಿ ಹೊಲಿದ ಮೇಲೆ 'ಒಂದು ಅಂಚಿನಲ್ಲಿ ಉಳಿದಿದೆ' ಎಂದು ರಿಪೋರ್ಟ್ ಬಂದರೆ, ಆ ಅಂಚು ಈಗ ಎಲ್ಲಿ ಹೋಗಿದೆ ಎಂದು ಹುಡುಕುವುದೇ ಕಷ್ಟ. ತುಂಡಿಗೆ ದಿಕ್ಕು ತಿಳಿಯಲು ಒಂದು ತುದಿಯಲ್ಲಿ ದಾರದ ಗುರುತು ಹಾಕುತ್ತಾರೋ ಎಂದೂ ಕೇಳಿ.

ಮೆಲನೋಮದ ದಪ್ಪ 1 ಮಿ.ಮೀ. ದಾಟಿದ್ದರೆ ಸೆಂಟಿನೆಲ್ ನೋಡ್ ಬಯಾಪ್ಸಿಯ ಮಾತು ಬರುತ್ತದೆ. 0.8 ಮಿ.ಮೀ.ಯಿಂದಲೇ, ಅಥವಾ ಅಲ್ಸರೇಷನ್ ಇದ್ದರೆ ಅದಕ್ಕೂ ತೆಳುವಾದದ್ದರಲ್ಲೇ ಚರ್ಚೆಗೆ ಬರುವುದುಂಟು. ಗೆಡ್ಡೆಯ ಜಾಗಕ್ಕೆ ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನೂ ನೀಲಿ ಬಣ್ಣವನ್ನೂ ಚುಚ್ಚಿ, ಅದು ಮೊದಲು ತಲುಪುವ ತೊಡೆಸಂದಿನ ಅಥವಾ ಕಂಕುಳಿನ ಗ್ರಂಥಿಯನ್ನು ತೆಗೆದು ನೋಡುತ್ತಾರೆ. ಇದು ಅಗಲವಾಗಿ ಕತ್ತರಿಸುವ ಸರ್ಜರಿಯ ಜೊತೆಗೇ ಆಗಬೇಕು. ಮೊದಲೇ ಅಗಲವಾಗಿ ತೆಗೆದುಬಿಟ್ಟರೆ ಲಿಂಫ್ ಹರಿಯುವ ದಾರಿಗಳು ಕಡಿದುಹೋಗಿ ಲೆಕ್ಕ ತಪ್ಪುತ್ತದೆ. ಮರುದಿನ ಮೂತ್ರ ಹಸಿರು ನೀಲಿ ಬಣ್ಣದಲ್ಲಿ ಹೋದರೆ ಹೆದರಬೇಡಿ, ಆ ಬಣ್ಣವೇ ಅದು.

ಕ್ಯಾನ್ಸರ್ ಮೈಯಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ನೋಡುವ ಪೆಟ್ ಸ್ಕ್ಯಾನ್ ಎಲ್ಲರಿಗೂ ಬೇಕಿಲ್ಲ. ಸಾಮಾನ್ಯ ಬಿಸಿಸಿಗೆ ಅದು ಹಣ ದಂಡ. ಗ್ರಂಥಿಗೆ ಹರಡಿದ ಎಸ್‌ಸಿಸಿ, ಮೆಲನೋಮಗಳಿಗೆ ಬೇಕು. ಡಯಾಬಿಟೀಸ್ ಇದ್ದವರು ಸ್ಕ್ಯಾನ್ ಬುಕ್ ಮಾಡುವಾಗಲೇ ಹೇಳಬೇಕು. ಸಕ್ಕರೆ 200 ದಾಟಿದ್ದರೆ ಚಿತ್ರ ಸರಿಯಾಗಿ ಬರದೆ ವಾಪಸ್ ಕಳಿಸುವುದುಂಟು.

ಸರ್ಜರಿಗೆ ಮುಂಚಿನ ವಾರದ ವಿಷಯ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಚರ್ಮದ ಸಣ್ಣ ಸರ್ಜರಿಗೆ ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಸ್ಟೆಂಟ್ ಹಾಕಿದವರು ಹೊಲಿಗೆಯ ರಕ್ತಸ್ರಾವಕ್ಕೆ ಹೆದರಿ ಮಾತ್ರೆ ಬಿಟ್ಟು ಹಾರ್ಟ್ ಅಟ್ಯಾಕ್ ತಂದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬ ಅಳತೆ) ನೋಡಬೇಕು. ಬೆಳ್ಳುಳ್ಳಿ ಕ್ಯಾಪ್ಸೂಲ್, ಮೀನೆಣ್ಣೆ, ವಿಟಮಿನ್ ಇ ಇವೂ ರಕ್ತಸ್ರಾವ ಹೆಚ್ಚಿಸಬಹುದು, ಪಟ್ಟಿಯಲ್ಲಿ ಬರೆದುಕೊಳ್ಳಿ. ಪೇಸ್‌ಮೇಕರ್ ಇದ್ದರೆ ಹೇಳಲೇಬೇಕು, ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ. ಬೀಡಿ, ಸಿಗರೇಟು ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಫ್ಲಾಪಿನ ತುದಿ ಕಪ್ಪಾಗಿ ಕೊಳೆಯಬಹುದು. ಎಷ್ಟು ಮುಂಚೆ ಬಿಟ್ಟರೆ ಅಷ್ಟು ಒಳ್ಳೆಯದು.

ಜಾಗವನ್ನಷ್ಟೇ ಮರಗಟ್ಟಿಸುವುದಾದರೆ ತಿಂಡಿ ತಿಂದೇ ಹೋಗಬಹುದು. ಪೂರ್ತಿ ಅರಿವಳಿಕೆಯಾದರೆ 6 ಗಂಟೆ ಊಟವಿಲ್ಲ, 2 ಗಂಟೆ ನೀರೂ ಇಲ್ಲ. ಮುಖದ ಸರ್ಜರಿಗೆ ತಲೆಯ ಮೇಲಿಂದ ಎಳೆದು ತೆಗೆಯುವ ಬಟ್ಟೆ ಬೇಡ, ಮುಂದೆ ಗುಂಡಿ ಇರುವ ಶರ್ಟು ಹಾಕಿಕೊಳ್ಳಿ. ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಹತ್ತಿಪ್ಪತ್ತು ಸೆಕೆಂಡು ಚೆನ್ನಾಗಿಯೇ ಉರಿಯುತ್ತದೆ. ಅದರಲ್ಲಿ ಬೆರೆಸಿರುವ ಅಡ್ರಿನಲಿನ್ನಿಂದ ಎದೆ ಡವಗುಟ್ಟಿ ಕೆಲವು ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ಎಳೆದಂತೆ, ಒತ್ತಿದಂತೆ ಗೊತ್ತಾಗುತ್ತದೆ, ನೋವಾಗಬಾರದು. ನೋವಾದರೆ ಹಲ್ಲು ಕಚ್ಚಿ ಮಲಗಬೇಡಿ, ಹೇಳಿ, ಇನ್ನಷ್ಟು ಕೊಡುತ್ತಾರೆ. ಮರಗಟ್ಟುವಿಕೆ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಅದಕ್ಕೆ ಮುಂಚೆಯೇ ಪ್ಯಾರಾಸಿಟಮಾಲ್ ನುಂಗಿದರೆ ಆ ಸಂಜೆ ಸುಲಭ.

ಮನೆಗೆ ಬಂದ ಮೇಲೆ ಬ್ಯಾಂಡೇಜ್ ನೆನೆದರೆ ಶುದ್ಧ ಬಟ್ಟೆಯಿಂದ ಗಡಿಯಾರ ನೋಡಿಕೊಂಡು 20 ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ನಿಂತಿತೋ ಇಲ್ಲವೋ ಎಂದು ನಡುನಡುವೆ ತೆಗೆದು ನೋಡಿದರೆ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. 20 ನಿಮಿಷದ ನಂತರವೂ ನಿಲ್ಲದಿದ್ದರೆ ಆಸ್ಪತ್ರೆಗೆ. ಹಣೆ, ಮೂಗಿನ ಸರ್ಜರಿಯ ಮರುದಿನ ಕಣ್ಣು ಊದಿ ಮುಚ್ಚಿಕೊಳ್ಳುವುದು ಸಾಮಾನ್ಯ, ಎರಡು ದಿಂಬು ಹಾಕಿ ಮಲಗಿ. ಮೊದಲ ಒಂದೆರಡು ದಿನ ಒಣಗಿಸಿಟ್ಟು, ಆಮೇಲೆ ದಿನಕ್ಕೊಮ್ಮೆ ಸಾಧಾರಣ ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು, ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅಂಟದ ಡ್ರೆಸ್ಸಿಂಗ್. 'ಗಾಳಿಗೆ ಬಿಟ್ಟರೆ ಬೇಗ ಒಣಗುತ್ತದೆ' ಎಂಬ ಹಿರಿಯರ ಸಲಹೆ ಇಲ್ಲಿ ತಪ್ಪು. ಒಣಗಿ ಹಕ್ಕಳೆ ಕಟ್ಟಿದ ಗಾಯ ನಿಧಾನವಾಗಿ ಮಾಯುತ್ತದೆ. ನಿಯೋಮೈಸಿನ್ ಇರುವ ಮುಲಾಮು ಅನೇಕರಿಗೆ ಅಲರ್ಜಿಯಾಗಿ ಗಾಯದ ಸುತ್ತ ತುರಿಸಿ ಕೆಂಪಾಗುತ್ತದೆ. ಅದನ್ನು ಸೋಂಕು ಎಂದುಕೊಂಡು ಮತ್ತಷ್ಟು ಅದನ್ನೇ ಹಚ್ಚುತ್ತಾರೆ. ಮುಖದ ಹೊಲಿಗೆ 5ರಿಂದ 7 ದಿನಕ್ಕೆ, ಮೈಯ ಹೊಲಿಗೆ 10ರಿಂದ 14ಕ್ಕೆ, ಕಾಲಿನದು 14 ದಿನ ಅಥವಾ ಇನ್ನೂ ತಡವಾಗಿ ತೆಗೆಯುತ್ತಾರೆ.

ಗ್ರಾಫ್ಟ್ ಹಾಕಿದರೆ ಅದರ ಮೇಲೆ ಹತ್ತಿಯ ಉಂಡೆ ಕಟ್ಟಿ ಒತ್ತಿ ಹೊಲಿದಿರುತ್ತಾರೆ. 5ರಿಂದ 7 ದಿನ ಅದನ್ನು ಅಲುಗಿಸುವಂತಿಲ್ಲ, ಕೆಳಗೆ ರಕ್ತ ಸೇರಿದರೆ ಹೊಸ ಚರ್ಮ ಹಿಡಿಯುವುದಿಲ್ಲ. ಹೆಚ್ಚು ಉರಿಯುವುದು ಗ್ರಾಫ್ಟ್ ಅಲ್ಲ, ತೆಳುವಾಗಿ ಚರ್ಮ ತೆಗೆದ ತೊಡೆಯ ಜಾಗ. ಅದು ಮಾಯಲು ಸುಮಾರು ಎರಡು ವಾರ. ಅಂಗಾಲಿನ ಸರ್ಜರಿಯಾಗುವವರು ಮುಂಚೆಯೇ ನೋಡಿಕೊಳ್ಳಬೇಕಾದದ್ದು ಮನೆಯ ಟಾಯ್ಲೆಟ್. ಕೆಲವು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕುಕ್ಕರಗಾಲಲ್ಲಿ ಕೂರುವುದು ಅಸಾಧ್ಯ. ಕಮೋಡ್ ಕುರ್ಚಿ, ವಾಕರ್, ಬಚ್ಚಲಿನಲ್ಲಿ ಕೂರಲು ಪ್ಲಾಸ್ಟಿಕ್ ಕುರ್ಚಿ, ಇವು ಡಿಸ್ಚಾರ್ಜ್ ಆಗುವ ಮುಂಚೆ ಮನೆಗೆ ಬಂದಿರಲಿ. ಮಹಡಿ ಮನೆಯವರು ಮಂಚವನ್ನು ಕೆಳಗಿಳಿಸಿ.

ಸರ್ಜರಿ ಬೇಡವಾದ ಕೆಲವು ಸಂದರ್ಭಗಳಿವೆ. ತೆಳು ಪದರದ 'ಸೂಪರ್‌ಫಿಶಿಯಲ್' ಬಿಸಿಸಿಗೆ ಇಮಿಕ್ವಿಮಾಡ್ ಕ್ರೀಮನ್ನು ವಾರಕ್ಕೆ 5 ರಾತ್ರಿಯಂತೆ 6 ವಾರ ಹಚ್ಚುತ್ತಾರೆ. ಮೂರನೇ ವಾರದ ಹೊತ್ತಿಗೆ ಜಾಗ ಕೆಂಪಾಗಿ ಕಿತ್ತುಬರುವುದು ಔಷಧಿ ಕೆಲಸ ಮಾಡುತ್ತಿರುವ ಗುರುತು. ತೀರಾ ವಯಸ್ಸಾದವರಿಗೆ, ರೆಪ್ಪೆ ಮೂಗಿನ ಕಷ್ಟದ ಜಾಗಕ್ಕೆ ರೇಡಿಯೇಷನ್ ಉಂಟು. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 4ರಿಂದ 6 ವಾರ, ಚರ್ಮದ ಉರಿ ಕೋರ್ಸ್ ಮುಗಿದ ಮೇಲಿನ ವಾರದಲ್ಲೂ ಏರಬಹುದು.

ಗ್ರಂಥಿಗೆ ಹರಡಿದ ಅಥವಾ ತುಂಬ ದಪ್ಪದ ಮೆಲನೋಮಕ್ಕೆ ಸರ್ಜರಿಯ ನಂತರ ಇಮ್ಯುನೋಥೆರಪಿ ಹೇಳುತ್ತಾರೆ. ಪೆಂಬ್ರೊಲಿಜುಮ್ಯಾಬ್ ಆದರೆ 3 ವಾರಕ್ಕೊಮ್ಮೆ 200 ಮಿ.ಗ್ರಾಂ., ಸುಮಾರು ಒಂದು ವರ್ಷ. ಇದು ಕೀಮೋ ಅಲ್ಲ, ಕೂದಲು ಉದುರುವುದು ಇದರ ಮುಖ್ಯ ತೊಂದರೆಯಲ್ಲ. ಇದು ದೇಹದ ರೋಗನಿರೋಧಕ ಶಕ್ತಿಯ ಬ್ರೇಕ್ ತೆಗೆಯುತ್ತದೆ, ಆ ಶಕ್ತಿ ಕೆಲವೊಮ್ಮೆ ಥೈರಾಯ್ಡ್, ಕರುಳು, ಶ್ವಾಸಕೋಶ, ಲಿವರ್ ಮೇಲೆ ತಿರುಗುತ್ತದೆ. ದಿನಕ್ಕೆ ನಾಲ್ಕಾರು ಸಲ ಭೇದಿಯಾದರೆ ಮನೆಯಲ್ಲಿ ಮಜ್ಜಿಗೆ ಅನ್ನ ತಿಂದು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕಾಯುವಂತಿಲ್ಲ, ಅದಕ್ಕೆ ಸ್ಟೀರಾಯ್ಡ್ ಬೇಕಾಗಬಹುದು. ಒಣಕೆಮ್ಮು, ಏದುಸಿರಿಗೂ ಅದೇ ಮಾತು. ಮೊದಲ ಡೋಸಿಗೆ ಮುಂಚೆ ಟಿಎಸ್‌ಎಚ್ (ಥೈರಾಯ್ಡ್), ಲಿವರ್, ಕ್ರಿಯಾಟಿನಿನ್ (ಕಿಡ್ನಿ), ಸಕ್ಕರೆ ಪರೀಕ್ಷೆಯ ರಿಪೋರ್ಟ್ ಫೈಲಿನಲ್ಲಿರಬೇಕು, ನಂತರದ ಏರಿಳಿತ ಹೋಲಿಸಲು. ಅಂಗಾಲಿನ ಮೆಲನೋಮ ಬೇರೆ ಬಗೆಗಳಿಗಿಂತ ಇದಕ್ಕೆ ಕಡಿಮೆ ಜಗ್ಗುತ್ತದೆ. ಬೆಲೆ ದೊಡ್ಡದು, ಒಂದು ಡೋಸಿನದಲ್ಲ, ಇಡೀ ಕೋರ್ಸಿನ ಲೆಕ್ಕ ಕೇಳಿ, ಕಂಪನಿಯ ರಿಯಾಯಿತಿ ಯೋಜನೆ ಇದೆಯೇ ಎಂದೂ ಕೇಳಿ.

ದುಡ್ಡಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು. ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ, ಅಡ್ಮಿಟ್ ಆದ ಮೇಲೆ ಓಡಾಡುವ ಬದಲು ಮುಂಚೆಯೇ ಮಾಡಿಸಿ. ಬೆಂಗಳೂರಿನ ಕಿದ್ವಾಯಿ, ಕಲಬುರಗಿಯ ಅದರ ಶಾಖೆ, ಹುಬ್ಬಳ್ಳಿಯ ಕ್ಯಾನ್ಸರ್ ಸಂಸ್ಥೆಗಳಿಗೆ ಹೋಗುವವರು ಸ್ಲೈಡ್ ಪರಿಶೀಲನೆಗೇ ಕೆಲವು ದಿನ ಹಿಡಿಯುತ್ತದೆಂದು ಲೆಕ್ಕ ಹಾಕಿಕೊಂಡು ಹೊರಡಿ. ಖಾಸಗಿ ವಿಮೆ ಇದ್ದವರಿಗೆ ಒಂದು ಕಿವಿಮಾತು. ಫ್ಲಾಪ್, ಗ್ರಾಫ್ಟ್ ಎಂಬ ಪದ ಕಂಡು 'ಕಾಸ್ಮೆಟಿಕ್ ಸರ್ಜರಿ' ಎಂದು ಕ್ಲೇಮ್ ತಿರಸ್ಕರಿಸುವುದುಂಟು. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುಜೋಡಣೆಯನ್ನು ಆ ನಿರ್ಬಂಧದಿಂದ ಹೊರಗಿಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲೇ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಕ್ಯಾನ್ಸರ್ ತೆಗೆದ ನಂತರದ ಮರುಜೋಡಣೆ' ಎಂದೇ ಬರೆಸಿ, ಬಯಾಪ್ಸಿ ರಿಪೋರ್ಟ್ ಲಗತ್ತಿಸಿ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು.

ಈ ಕಾಯುವ ದಿನಗಳಲ್ಲೇ ಸಲಹೆಗಾರರು ಹೆಚ್ಚು. ನರುಳ್ಳಿಗೆ ಹಚ್ಚುವಂತೆ ಸುಣ್ಣ ಸೋಡಾ, ಗೇರುಬೀಜದ ಸಿಪ್ಪೆಯ ಎಣ್ಣೆ, 'ಬೇರು ಸಮೇತ ಕೀಳುವ' ಕಪ್ಪು ಮುಲಾಮು. ಇವೆಲ್ಲ ಮೇಲಿನ ಚರ್ಮ ಸುಟ್ಟು ಕಲೆ ಕಟ್ಟಿಸುತ್ತವೆ, ಗೆಡ್ಡೆ ಕಲೆಯಡಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಸರ್ಜನ್ನರಿಗೆ ಕೊನೆಗೆ ಅಂಚೂ ಸಿಗುವುದಿಲ್ಲ, ಆಳವೂ ಸಿಗುವುದಿಲ್ಲ. ಪಾರ್ಲರಿನ ಲೇಸರಿನಲ್ಲಿ ಮಚ್ಚೆ ಸುಡಿಸುವುದೂ ಇದಕ್ಕಿಂತ ಭಿನ್ನವಲ್ಲ: ತುಂಡೇ ಉಳಿಯದ ಕಡೆ ಪರೀಕ್ಷಿಸುವುದೇನನ್ನು?

ಚಿಕಿತ್ಸೆ ಮುಗಿದ ಮೇಲೆ ಬಿಸಿಸಿಗೆ 6ರಿಂದ 12 ತಿಂಗಳಿಗೊಮ್ಮೆ ಇಡೀ ಮೈ ತೋರಿಸಬೇಕು. ಅಪಾಯ ಹೆಚ್ಚಿರುವ ಎಸ್‌ಸಿಸಿ ಮತ್ತು ದಪ್ಪದ ಮೆಲನೋಮಕ್ಕೆ ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ. ನಡುವೆ ತಿಂಗಳಿಗೊಂದು ದಿನ ಸ್ನಾನದ ನಂತರ ಮನೆಯಲ್ಲೇ ನೋಡಿಕೊಳ್ಳಿ: ಅಂಗಾಲು, ಬೆರಳ ಸಂದು, ಇಪ್ಪತ್ತೂ ಉಗುರು, ಕಿವಿಯ ಹಿಂದೆ, ಲಾಡಿ ಕಟ್ಟುವ ಜಾಗ. ಅಂಗಾಲು ನೋಡಲು ಕನ್ನಡಿಯನ್ನು ನೆಲದ ಮೇಲಿಡಿ, ನೆತ್ತಿಗೆ ಮನೆಯವರ ಕಣ್ಣು ಬೇಕು. ಹಳೆಯ ಹೊಲಿಗೆಯ ಮೇಲೆ ಬೆರಳಾಡಿಸಿ ಗಟ್ಟಿ ಕಾಳು ಸಿಗುತ್ತದೆಯೇ ನೋಡಿ. ಆಮೇಲೆ ಕುತ್ತಿಗೆ, ಕಂಕುಳು, ತೊಡೆಸಂದು. ಅಲ್ಲಿ ನೋವಿಲ್ಲದ ಗಂಟು ಸಿಕ್ಕಿ ಎರಡು ಮೂರು ವಾರವಾದರೂ ಕರಗದಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯದೆ ತೋರಿಸಿ.